ಅಣ್ಣನ ಮೋಟರ್ ನನಗೆ ಫೋನ್ ಮಾಡಿತು

ಹೋದ ತಿಂಗಳು ಒಂದು ಮಂಗಳವಾರ, ಮಟಮಟ ಮಧ್ಯಾಹ್ನ, ನನಗೊಂದು ಫೋನ್ ಬಂತು. ಎತ್ತಿದೆ. ಹೆಣ್ಣು ದನಿ. ಬಸ್ ಸ್ಟ್ಯಾಂಡಿನಲ್ಲಿ ಅನೌನ್ಸ್ ಮಾಡುತ್ತಾರಲ್ಲ, ಅಂಥ ನುಣ್ಣನೆಯ ದನಿ.

"ನಿಮ್ಮ ಮೋಟಾರ್ ಚಾಲನೆಯಲ್ಲಿದೆ" ಎಂದಳು. ಕಟ್ ಆಯಿತು.

ನಾನು ಸಾರಿಗೆ ಬೇಳೆ ಬೇಯಿಸುತ್ತಿದ್ದೆ. ಕೈಯಲ್ಲಿದ್ದದ್ದು ಸೌಟು. ಯಾವ ಮೋಟರನ್ನೂ ನಾನು ಆನ್ ಮಾಡಿರಲಿಲ್ಲ.

ಗಾಬರಿಯಾಗಬೇಡಿ, ಇದು ಬ್ಯಾಂಕಿನ ಓಟಿಪಿ ಕೇಳಿ ಮೋಸ ಮಾಡುವವರ ಕಥೆಯಲ್ಲ. (ಅದನ್ನು ಈ ಅಂಕಣದಲ್ಲಿ ಬರೆದು ನಿಮ್ಮಲ್ಲಿ ಕೆಲವರಿಂದ ಬೈಸಿಕೊಂಡಾಗಿದೆ.) ಮೋಟರ್ ನಿಜವಾದ್ದೇ. ಕೆ.ಎಂ. ದೊಡ್ಡಿಯಿಂದ ಮಳವಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಕಡೆ ಒಳಕ್ಕೆ ತಿರುಗಿದರೆ ನಮ್ಮೂರು. ಅಲ್ಲಿ ನಮ್ಮಣ್ಣ ಮರಿಸ್ವಾಮಿಯ ಕಬ್ಬಿನ ಹೊಲ. ಹೊಲದ ಮೂಲೆಯಲ್ಲಿ ಬೋರು, ಬೋರಿನ ಪಕ್ಕ ಶೀಟು ಹೊದಿಸಿದ ಮೋಟರ್ ಮನೆ. ಅದರ ಗೋಡೆಯ ಮೇಲೆ ಒಂದು ಡಬ್ಬ, ಡಬ್ಬದೊಳಗೆ ಒಂದು ಸಿಮ್ಮು. ಆ ನಂಬರಿಗೆ ಫೋನ್ ಮಾಡಿ ಒಂದನ್ನು ಒತ್ತಿದರೆ ಮೋಟರ್ ಆನ್, ಎರಡನ್ನು ಒತ್ತಿದರೆ ಆಫ್. ಆಮೇಲೆ ಈ ಹೆಂಗಸು ತಾನೇ ಫೋನ್ ಮಾಡಿ ವರದಿ ಒಪ್ಪಿಸುತ್ತಾಳೆ. ಕರೆಂಟು ಯಾವ ಹೊತ್ತಿಗೆ ಬಂದು ಯಾವ ಹೊತ್ತಿಗೆ ಹೋಗುತ್ತದೋ ತಿಳಿಯದ ನಮ್ಮ ಕಡೆ ಈ ಡಬ್ಬ ಈಗ ಮನೆಮನೆಯ ಮಾತು.

ಅಣ್ಣ ಆಪರೇಷನ್‌ಗೆಂದು ಮೈಸೂರಿನ ಆಸ್ಪತ್ರೆ ಸೇರುವ ಮುಂಚೆ ನನ್ನ ನಂಬರನ್ನೂ ಅದಕ್ಕೆ ಸೇರಿಸಿದ್ದ. "ನಾನು ಮತ್ನಲ್ಲಿ ಮನಗಿರ್ತೀನಿ. ನೀರು ನೀನ್ ಬುಡವ್ವ" ಎಂದಿದ್ದ. ಹಾಗಾಗಿ ಹುಟ್ಟಿದಾಗಿನಿಂದ ಗುದ್ದಲಿ ಮುಟ್ಟದ ನಾನು ಮಂಡ್ಯದ ಅಡುಗೆಮನೆಯಲ್ಲಿ ನಿಂತು ಕಬ್ಬಿಗೆ ನೀರು ಹಾಯಿಸುವ ರೈತ ಮಹಿಳೆಯಾಗಿದ್ದೆ. ಸ್ವಲ್ಪ ಜಂಬವೂ ಬಂದಿತ್ತು.

ಅಣ್ಣ ಆಸ್ಪತ್ರೆಯಿಂದ ಊರಿಗೆ ಬಂದು ಆಗಲೇ ಕೆಲವು ದಿನವಾಗಿತ್ತು. ಅವನೇ ಆನ್ ಮಾಡಿರಬೇಕು ಅಂದುಕೊಂಡು ಫೋನ್ ಮಾಡಿದೆ. ಎತ್ತಿದ್ದು ಅತ್ತಿಗೆ ಸಾಕಮ್ಮ.

"ಅವ್ರು ಮನಗವ್ರೆ ಕಣವ್ವ. ಫೋನು ಚಾರ್ಜಿಗಾಕಿವ್ನಿ. ಯಾರೂ ಮುಟ್ಟಿಲ್ಲ."

ಸರಿ, ನಾನೇ ನಿಲ್ಲಿಸೋಣ ಎಂದು ಡಬ್ಬಕ್ಕೆ ಫೋನ್ ಮಾಡಿ ಎರಡನ್ನು ಒತ್ತಿದೆ. "ನಿಮ್ಮ ಮೋಟಾರ್ ನಿಂತಿದೆ" ಎಂದಳು. ಸಮಾಧಾನವಾಯಿತು. ಒಗ್ಗರಣೆಗೆ ಸಾಸಿವೆ ಹಾಕುವಷ್ಟರಲ್ಲಿ ಮತ್ತೆ ಫೋನ್.

"ನಿಮ್ಮ ಮೋಟಾರ್ ಚಾಲನೆಯಲ್ಲಿದೆ."

ಮತ್ತೆ ಎರಡು ಒತ್ತಿದೆ. ನಿಂತಿದೆ ಎಂದಳು. ಒಂದು ನಿಮಿಷ ಕಾದಳು. ಚಾಲನೆಯಲ್ಲಿದೆ ಎಂದಳು. ಅದೇ ದನಿ, ಅದೇ ರಾಗ. ಸಿಟ್ಟಿಲ್ಲ, ಬೇಜಾರಿಲ್ಲ. ನಾನು ಮಾತ್ರ ಒಗ್ಗರಣೆ ಸೀದಿದ್ದನ್ನೂ ನೋಡದೆ ಒತ್ತುತ್ತಲೇ ಇದ್ದೆ. ಸಾಯಂಕಾಲ ಕರೆಂಟು ಹೋದ ಮೇಲೆ ಅವಳು ಬಾಯಿ ಮುಚ್ಚಿದಳು.

ಇಲ್ಲಿ ಅಣ್ಣನ ವಿಷಯ ಹೇಳಲೇಬೇಕು. ಅವನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಮಾಡಿ ಕರುಳಿನ ಆ ಭಾಗವನ್ನು ತೆಗೆದಿದ್ದರು. ಆದರೆ ಅಷ್ಟರಲ್ಲಿ ಅದು ಲಿವರಿಗೂ ಹೋಗಿ ಕೂತಿತ್ತು. ಮುಂದೆ ಕೀಮೋ ಎಂದರು. ಅದರ ಜೊತೆಗೆ ಒಂದು ಹೊಸ ಥರದ ಇಂಜೆಕ್ಷನ್ ಇದೆ, ಕ್ಯಾನ್ಸರ್ ಕಣಕ್ಕೆ 'ಬೆಳೆ, ಬೆಳೆ' ಎಂದು ಹೋಗುವ ಸಿಗ್ನಲ್ಲನ್ನೇ ಅದು ತಡೆಯುತ್ತದೆ, ಹೊಂದಿದರೆ ಒಳ್ಳೆ ಬಲ ಬರುತ್ತದೆ ಎಂದೂ ಹೇಳಿದ್ದರು. ಹೊಂದುತ್ತದೋ ಇಲ್ಲವೋ ತಿಳಿಯಲು ತೆಗೆದ ಗಂಟಿನ ಒಂದು ಚೂರನ್ನು ಟೆಸ್ಟಿಗೆ ಕಳಿಸಿದ್ದರು. ಶುಕ್ರವಾರ ರಿಸಲ್ಟ್. ನಾವೆಲ್ಲ ಆ ಇಂಜೆಕ್ಷನ್ನಿಗೇ ಜೋತುಬಿದ್ದಿದ್ದೆವು. ಅತ್ತಿಗೆ ಯಾವ್ಯಾವ ದೇವರಿಗೆ ಮುಡಿಪು ಕಟ್ಟಿದ್ದರೋ ಲೆಕ್ಕವಿಲ್ಲ. ದೇವರನ್ನು ಅಷ್ಟಾಗಿ ನಂಬದ ನಾನೂ ಮನಸ್ಸಿನಲ್ಲೇ ಒಂದು ಕಟ್ಟಿದ್ದೆ.

ಇದರಲ್ಲಿ ಒಂದು ಷರತ್ತಿತ್ತು. ಅಣ್ಣನ ಎದುರಿಗೆ ಯಾರೂ ಆ ಪದ ಆಡಕೂಡದು. ಅತ್ತಿಗೆಯ ಆರ್ಡರ್. "ಎಸ್ರು ಏಳ್ಬುಟ್ರೆ ಅವ್ರು ಅರ್ಧ ಅಲ್ಲೇ ಓಯ್ತಾರೆ" ಎಂದಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಅದು 'ಗಂಟು'. ಗಂಟು ತೆಗೆದಾಯ್ತು. ಗಂಟಿನ ಬೇರು ಸ್ವಲ್ಪ ಉಳಿದಿದೆ. ಎಲ್ಲ ಸರಿಹೋಗುತ್ತೆ. ಡಾಕ್ಟರಿಗೂ ಕಣ್ಣಲ್ಲೇ ಸನ್ನೆ ಮಾಡಿ 'ಗಂಟು' ಎನ್ನಿಸಿದ್ದೆವು.

(ನಿಮ್ಮ ಮನೆಯಲ್ಲಿ ಇಂಥ ಗಂಟುಗಳು ಎಷ್ಟಿವೆ?)

ಬುಧವಾರ ಮಧ್ಯಾಹ್ನ ಮತ್ತೆ ಫೋನ್. ಅದೇ ಹೊತ್ತು, ಅದೇ ಹೆಂಗಸು. ನಾನು ಅತ್ತಿಗೆಗೆ ಹೊಲಕ್ಕೆ ಹೋಗಿ ನೋಡಿ ಎಂದೆ. ಅವರು ಅಲ್ಲಿಂದಲೇ ಫೋನ್ ಮಾಡಿದರು. ಹಿಂದೆ ನೀರು ಬೀಳುವ ಸದ್ದು ಚೆನ್ನಾಗಿ ಕೇಳುತ್ತಿತ್ತು.

"ಓಡ್ತಾ ಅದೆ ಕಣವ್ವ. ಸುತ್ತಲೂ ನೋಡ್ದೆ, ಒಂದು ನರಪಿಳ್ಳೆ ಇಲ್ಲ. ಬಾಗ್ಲಿಗೆ ಬೀಗ ಆಕ್ದಂಗೇ ಅದೆ."

"ಮತ್ತೆ ಯಾರು ಆನ್ ಮಾಡಿದ್ದು ಅತ್ಗೆ?"

ಅವರು ದನಿ ತಗ್ಗಿಸಿ, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಅನ್ನುವ ಹಾಗೆ ಹೇಳಿದರು. "ಮಾವ್ನೋರು ಅಂತ ಕಾಣ್ತದೆ."

ನಮ್ಮಪ್ಪ ತೀರಿಹೋಗಿ ಎಷ್ಟೋ ಕಾಲವಾಯಿತು. ಅವರನ್ನು ಹೊಲದಲ್ಲೇ ಮಣ್ಣು ಮಾಡಿದ್ದು. ಸಮಾಧಿ ಇರುವುದು ಮೋಟರ್ ಮನೆಯ ಮಗ್ಗುಲಲ್ಲಿ, ಹೊಂಗೆ ಮರದ ಕೆಳಗೆ. ಅಪ್ಪ ಇದ್ದಾಗ ಊರಿನವರೆಲ್ಲ ಉಂಡು ಮಲಗುವ ಹೊತ್ತಿನಲ್ಲೇ ಗದ್ದೆಗೆ ನೀರು ಕಟ್ಟುತ್ತಿದ್ದರು. ಆಗ ಯಾರ ಕಾಟವೂ ಇರುವುದಿಲ್ಲ ಎನ್ನುತ್ತಿದ್ದರು. ಮಟಮಟ ಮಧ್ಯಾಹ್ನ.

ನಾನು ಈ ಅಂಕಣದಲ್ಲಿ ದೆವ್ವ, ಗಾಳಿ, ಮಾಟ ಇವನ್ನೆಲ್ಲ ಎಷ್ಟು ಸಲ ಗೇಲಿ ಮಾಡಿದ್ದೇನೆ ಎಂದು ನಿಮಗೆ ಗೊತ್ತು. ಅವತ್ತು ಫೋನ್ ಇಟ್ಟ ಮೇಲೆ ಅಡುಗೆಮನೆಯ ದೀಪ ಹಾಕಿದೆ. ಹಗಲಲ್ಲೇ.

ಗುರುವಾರ, ಮಾರನೆಯ ದಿನ ಅಣ್ಣ-ಅತ್ತಿಗೆಯರನ್ನು ಮೈಸೂರಿಗೆ ಕರೆದೊಯ್ಯಲು ನಾನು ಊರಿಗೆ ಹೊರಟೆ. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿದೆ. ದೊಡ್ಡಿ ದಾಟುವಾಗ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು, ಫ್ಯಾಕ್ಟರಿಯ ಕಡೆಯಿಂದ ಸುಟ್ಟ ಬೆಲ್ಲದ ವಾಸನೆ. ಎಲ್ಲ ಎಂದಿನಂತೆ. ಕಂಡಕ್ಟರ್ ಚಿಲ್ಲರೆಗೆ ಜಗಳ ಆಡುತ್ತಿದ್ದ. ಆ ಗಲಾಟೆಯಲ್ಲೇ ಫೋನ್ ಬಂತು. ನೋಡಲಿಲ್ಲ. ಯಾರದ್ದೆಂದು ಗೊತ್ತಿತ್ತು.

ಅಣ್ಣ ಪಡಸಾಲೆಯಲ್ಲಿ ಮಂಚದ ಮೇಲೆ ಒರಗಿದ್ದ. ಶರ್ಟು ಅವನದ್ದೇ, ಒಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗವಿತ್ತು.

"ಅಣ್ಣ, ಮೋಟರ್ ತಾನಾಗೇ ಓಡ್ತಾ ಇದೆಯಂತೆ."

"ಓಡ್ಲಿ ಬುಡು. ಕಬ್ಗೆ ತಾನೆ ನೀರು ಓಯ್ತಿರೋದು."

"ಅತ್ಗೆ ಅಪ್ಪ ಅಂತಿದಾರೆ."

ಅವನು ಸೂರನ್ನು ನೋಡುತ್ತಾ, "ಇದ್ರೂ ಇರ್ಬೈದು" ಎಂದ. ಅಷ್ಟೇ. ನಾಸ್ತಿಕನಲ್ಲದಿದ್ದರೂ ನಮ್ಮಣ್ಣ ಇಂಥದ್ದನ್ನು ನಂಬುವ ಆಸಾಮಿಯಲ್ಲ. ಕಾಯಿಲೆ ಮನುಷ್ಯನನ್ನು ಎಷ್ಟು ಮೆತ್ತಗೆ ಮಾಡುತ್ತದೆ ಎಂದು ಮರುಕವಾಯಿತು.

ನಾನು, ಅತ್ತಿಗೆ ಹೊಲಕ್ಕೆ ಹೋದೆವು. ಆಳೆತ್ತರ ಮೀರಿದ ಕಬ್ಬು. ಗಾಳಿ ಇರಲಿಲ್ಲ. ಆದರೂ ಗರಿಗಳು ಅಲ್ಲಲ್ಲಿ ಸರಕ್ಕೆಂದು ಸದ್ದು ಮಾಡುತ್ತಿದ್ದವು. ಅತ್ತಿಗೆ ನನಗಿಂತ ಮುಂದೆ, ನೆಂಟರ ಮನೆಗೆ ಹೋಗುವವರ ಹಾಗೆ ತಲೆ ಮೇಲೆ ಸೆರಗು ಹೊದ್ದು ನಡೆಯುತ್ತಿದ್ದರು. ಸಮಾಧಿಯ ಮೇಲೆ ಆಗಲೇ ಎಲೆ ಅಡಿಕೆ ಇತ್ತು. ಪಕ್ಕದಲ್ಲಿ ಒಂದು ಬೀಡಿ.

"ಯಾರು ಮಡಗಿದ್ದು ಅತ್ಗೆ?"

"ನಾನೇ. ಪಾಪ, ದಿನಾ ಬಂದು ನೀರು ಬುಡ್ತಾವ್ರೆ. ಬಾಯ್ಗೆ ಏನಾರ ಬ್ಯಾಡ್ವಾ?"

ಬೋರ್‌ವೆಲ್ ಮೋಟರ್ ಕಣ್ಣಿಗೆ ಕಾಣುವುದಿಲ್ಲ. ಅದು ಕೊಳವೆಯಲ್ಲಿ ಎಷ್ಟೋ ಅಡಿ ಕೆಳಗೆ, ನೆಲದ ಹೊಟ್ಟೆಯಲ್ಲಿರುತ್ತದೆ. ಮೇಲೆ ಕಾಣುವುದು ಬರೀ ಪೈಪು. ಆ ಪೈಪಿನಿಂದ ನೀರು ದಪ್ಪಗೆ, ತಣ್ಣಗೆ, ಒಂದೇ ಸಮ ಬೀಳುತ್ತಿತ್ತು. ಅಪ್ಪನ ಸಮಾಧಿ ಅಲ್ಲೇ ಒಂದು ಮಾರು ದೂರ. ಯಾರೋ ಕೆಳಗಿನಿಂದ ಮೊಗೆಮೊಗೆದು ಕೊಡುತ್ತಿದ್ದಾರೆ ಎಂದು ಒಂದು ಕ್ಷಣ ನನಗೂ ಅನ್ನಿಸಿತು.

ಬೀಗ ತೆಗೆದು ಒಳಗೆ ಹೋದೆವು. ಗೋಡೆಯ ಮೇಲೆ ಡಬ್ಬ. ಅದರಲ್ಲಿ ಕೆಂಪು ದೀಪ. ಕೆಂಪು ಅಂದರೆ ಆಫ್. ಆದರೆ ಹೊರಗೆ ನೀರು ಬೀಳುತ್ತಲೇ ಇದೆ. ಹಸಿರು ಗುಂಡಿ ಒತ್ತಿದೆ. ಡಬ್ಬ ಗುಂಯ್ ಎಂದಿತು. ಕೆಂಪು ಗುಂಡಿ ಒತ್ತಿದೆ. ಟಕ್ಕೆಂದು ಗುಂಯ್ ನಿಂತಿತು. ನೀರು ನಿಲ್ಲಲಿಲ್ಲ. ಇನ್ನೊಂದು ಸಲ ಒತ್ತಿದೆ. ಇನ್ನೂ ಗಟ್ಟಿಯಾಗಿ ಒತ್ತಿದೆ. ಅಷ್ಟರಲ್ಲಿ ನನ್ನ ಬ್ಯಾಗಿನೊಳಗೆ ಫೋನ್ ಬಡಿದುಕೊಳ್ಳತೊಡಗಿತು. ಡಬ್ಬ ನನ್ನ ಕಣ್ಣೆದುರಿಗೇ ಇದೆ, ಅದರ ಮೇಲೆ ನನ್ನ ಕೈ ಇದೆ, ಅದು ನನಗೆ ಫೋನ್ ಮಾಡುತ್ತಿದೆ.

"ಬುಡವ್ವ, ಮುಟ್ಬ್ಯಾಡ" ಎಂದರು ಅತ್ತಿಗೆ. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಹೆದರಿಕೆಯಿದ್ದದ್ದು ನನಗೆ. ಗೊಬ್ಬರದ ಚೀಲ ಒಟ್ಟಿದ ಆಚೆ ಗೋಡೆಯಲ್ಲಿ ಫ್ಯೂಸಿನ ಬೋರ್ಡು ಇದೆ ಎಂದು ಗೊತ್ತಿತ್ತು. ಅಲ್ಲಿಗೆ ಹೋಗುವ ಧೈರ್ಯ ಬರಲಿಲ್ಲ. ಕರೆಂಟಿಗೆ ಹೆದರಿದೆನೋ ಅಪ್ಪನಿಗೆ ಹೆದರಿದೆನೋ ಈಗಲೂ ಹೇಳಲಾರೆ.

ನಾವು ಹೊರಗೆ ಬಂದು ನಿಂತಿದ್ದಾಗ ನೀರು ಸಣ್ಣಗಾಗಿ, ತೊಟ್ಟಿಕ್ಕಿ, ನಿಂತಿತು. ಕರೆಂಟು ಹೋಗಿತ್ತು. ಇಡೀ ಹೊಲ ಕಿವಿಗೆ ಹತ್ತಿ ತುರುಕಿದ ಹಾಗಾಯಿತು. ಅತ್ತಿಗೆ ಸಮಾಧಿಯ ಕಡೆ ಕೈ ಮುಗಿದು, "ಸುಸ್ತಾಗಿರ್ತದೆ, ಬುಡಿ ಮಾವ, ಕುಂತ್ಕಳಿ" ಎಂದರು. ನಾನು ಹಿಂತಿರುಗಿ ನೋಡದೆ ನಡೆದೆ.

ಶುಕ್ರವಾರ. ಮೈಸೂರು. ಆಸ್ಪತ್ರೆ ಎಂದರೆ ನಿಮಗೆ ಗೊತ್ತೇ ಇದೆ, ಕುರ್ಚಿಗಿಂತ ಜನ ಜಾಸ್ತಿ. ಡಾಕ್ಟರ್ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅವಸರವಿಲ್ಲದೆ ಮಾತಾಡುವವರು. ಅತ್ತಿಗೆ ಎದೆ ಹೊಡೆದುಕೊಳ್ಳುತ್ತೆ ಎಂದು ಹೊರಗೇ ಕೂತರು. ನಾನು, ಅಣ್ಣ ಒಳಗೆ ಹೋದೆವು.

ಡಾಕ್ಟರ್ ಕಂಪ್ಯೂಟರ್ ನೋಡಿದರು. ನನ್ನನ್ನು ನೋಡಿದರು. ಆ ನೋಟದಲ್ಲೇ ನನಗೆ ಅರ್ಧ ತಿಳಿಯಿತು.

"ಆ ಇಂಜೆಕ್ಷನ್ ಇವರಿಗೆ ಕೆಲಸ ಮಾಡೋದಿಲ್ಲ" ಎಂದರು.

ಯಾಕೆ ಎಂದು ಕೇಳಿದ್ದು ನಾನಲ್ಲ, ಅಣ್ಣ. ಡಾಕ್ಟರ್ ಅವನ ಕಡೆ ತಿರುಗಿ, ಎದುರಿಗಿದ್ದ ಹಾಳೆಯ ಹಿಂಬದಿಯಲ್ಲಿ ಒಂದು ಸೊನ್ನೆ ಸುತ್ತಿದರು.

"ಇದು ನಮ್ಮ ಮೈಯಿನ ಒಂದು ಕಣ ಅಂದುಕೊಳ್ಳಿ. ಇದರ ಮೇಲೆ ಒಂದು ಕಿವಿ ಥರ ಇರುತ್ತೆ. ಹೊರಗಿನಿಂದ 'ಬೆಳೆ' ಅಂತ ಸಂದೇಶ ಬಂದರೆ ಅದು ಕೇಳಿಸಿಕೊಂಡು ಒಳಗೆ ದಾಟಿಸುತ್ತೆ. ಒಳಗೆ ಒಬ್ಬರಿಂದ ಒಬ್ಬರಿಗೆ ಕೈ ದಾಟಿ ನಡುಮಧ್ಯಕ್ಕೆ ಹೋಗುತ್ತೆ. ಆಗ ಕಣ ಒಂದಿದ್ದದ್ದು ಎರಡಾಗುತ್ತೆ. ಗಾಯ ಮಾಯೋದು, ಕರುಳಿನ ಒಳಪದರ ಹೊಸದಾಗೋದು ಎಲ್ಲ ಇದರಿಂದಲೇ. ಕೆಲಸ ಮುಗಿದ ಮೇಲೆ ಎಲ್ಲ ಆಫ್ ಆಗಬೇಕು."

"ಆಗ್ಬೇಕು" ಎಂದ ಅಣ್ಣ.

"ನಾವು ಕೊಡಬೇಕು ಅಂದುಕೊಂಡಿದ್ದ ಇಂಜೆಕ್ಷನ್ ಹೋಗಿ ಆ ಕಿವಿ ಮುಚ್ಚುತ್ತೆ. ಸಂದೇಶ ಒಳಗೆ ಹೋಗದ ಹಾಗೆ. ಆದರೆ ನಿಮ್ಮ ಗಂಟಿನಲ್ಲಿ ಏನಾಗಿದೆ ಅಂದರೆ, ಕಿವಿಯಿಂದ ಕೆಳಗೆ ರಾಸ್ ಅಂತ ಒಂದು ಕೊಂಡಿ ಇದೆ. ಅದು ಬದಲಾಗಿಬಿಟ್ಟಿದೆ. ಆನ್ ಆಗಿ ಹಾಗೇ ಕಚ್ಚಿಕೊಂಡಿದೆ. ಮೇಲಿನಿಂದ ಯಾರೂ ಹೇಳದಿದ್ದರೂ ಅದು ತನ್ನಷ್ಟಕ್ಕೆ ತಾನು ಬೆಳೆ, ಬೆಳೆ ಅಂತಲೇ ಇರುತ್ತೆ. ನಾವು ಮೇಲೆ ಕಿವಿ ಮುಚ್ಚಿದರೆ ಏನೂ ಉಪಯೋಗ ಇಲ್ಲ."

ಅಣ್ಣ ಆ ಸೊನ್ನೆಯನ್ನೇ ನೋಡುತ್ತಿದ್ದ. ಆಮೇಲೆ, ಊರ ಲೈನ್‌ಮನ್ ಹತ್ತಿರ ಮಾತಾಡುವ ಹಾಗೆ, ಸಲೀಸಾಗಿ ಹೇಳಿದ.

"ಡೈರೆಕ್ಟ್ ಆಗ್ಬುಟ್ಟದೆ ಅನ್ನಿ."

"ಏನು?" ಎಂದರು ಡಾಕ್ಟರ್.

"ಡೈರೆಕ್ಟು ಡಾಕ್ಟ್ರೇ. ಮ್ಯಾಲೆ ಸ್ವಿಚ್ಚು ಆಫ್ ಮಾಡುದ್ರೂ ಕೆಳ್ಗೆ ವೈರು ಸೇರ್ಕಂಡದೆ. ಡಬ್ಬ ನಿಂತೋಯ್ತು ಅಂತದೆ. ಮೋಟ್ರು ಓಡ್ತಾನೇ ಇರ್ತದೆ. ನಮ್ ಒಲದಲ್ಲೂ ಅಂಗೇ ಮಾಡಿವ್ನಿ. ನಾನೇ."

ನಾನು ಅವನ ಮುಖ ನೋಡಿದೆ. ಅವನು ನನ್ನ ಕಡೆ ತಿರುಗಲಿಲ್ಲ.

ನಮ್ಮ ಕಡೆ ಡೈರೆಕ್ಟ್ ಮಾಡುವುದು ಎಂದರೇನು ಎಂದು ಹೊರಗಿನವರಿಗೆ ಹೇಳಬೇಕು. ಸ್ವಿಚ್ಚು, ಸ್ಟಾರ್ಟರ್, ಸ್ಟೆಬಿಲೈಜರ್, ಯಾವುದೇ ಒಂದು ನಡುವೆ ಬಂದು ಕಿರಿಕಿರಿ ಮಾಡಿದರೆ ಅದನ್ನು ರಿಪೇರಿ ಮಾಡಿಸುವವರು ನಾವಲ್ಲ. ಅದರ ಈಚೆಯಿಂದ ಆಚೆಗೆ ಒಂದು ವೈರು ಎಳೆದು ಗಂಟು ಹಾಕಿಬಿಡುತ್ತೇವೆ. ಅದರ ಪಾಡಿಗೆ ಅದು ಗೋಡೆಯಲ್ಲಿ ದೀಪ ಉರಿಸಿಕೊಂಡು ಇರುತ್ತದೆ, ಕರೆಂಟು ಬೇರೆ ದಾರಿಯಲ್ಲಿ ಹೋಗುತ್ತದೆ. (ನನ್ನ ಮನೆಯ ಫ್ರಿಜ್ಜೂ ಡೈರೆಕ್ಟೇ. ಬೈಯಬೇಡಿ.) ಅಣ್ಣನ ಡಬ್ಬ ಸ್ವಲ್ಪ ವೋಲ್ಟೇಜ್ ಇಳಿದರೂ ಮೋಟರ್ ನಿಲ್ಲಿಸಿಬಿಡುತ್ತಿತ್ತು. ಅದಕ್ಕೇ ಆ ಮಂಗಳವಾರ ಬೆಳಿಗ್ಗೆ 'ವಾಕಿಂಗ್ ಹೋಗ್ಬತ್ತೀನಿ' ಎಂದು ಹೊರಟವನು ಮೋಟರ್ ಮನೆಗೆ ಹೋಗಿ, ಗೊಬ್ಬರದ ಚೀಲದ ಹಿಂದೆ ವೈರು ಸೇರಿಸಿ ಬಂದಿದ್ದ. ತ್ರೀ ಫೇಸ್ ಕರೆಂಟು ಬಂತೆಂದರೆ ಮೋಟರ್ ಶುರು. ಆ ವಾರ ಕರೆಂಟಿನ ಪಾಳಿ ಮಧ್ಯಾಹ್ನಕ್ಕಿತ್ತು. ತಂತಿಯಲ್ಲಿ ಕರೆಂಟು ಹರಿಯುವುದು ಡಬ್ಬಕ್ಕೆ ಗೊತ್ತಾಗುತ್ತಿತ್ತು, ಫೋನ್ ಮಾಡುತ್ತಿತ್ತು. ತಡೆಯುವುದು ಮಾತ್ರ ಅದರ ಕೈಯಲ್ಲಿರಲಿಲ್ಲ.

ಅಂದರೆ ಅಪ್ಪ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಅಣ್ಣನ ಮುಂದಿನ ಪ್ರಶ್ನೆ ಅಲ್ಲೇ ಬಂತು.

"ಒಲದ್ದು ನಾನ್ ಮಾಡ್ದೆ. ಇದ್ನ ಯಾರ್ ಮಾಡ್ದೋರು?"

"ಯಾರೂ ಇಲ್ಲ" ಎಂದರು ಡಾಕ್ಟರ್. "ಒಂದು ಕಣ ಎರಡಾಗುವಾಗ ತನ್ನದೇ ನಕಲು ತೆಗೆಯುತ್ತೆ. ಅಲ್ಲೊಂದು ಸಣ್ಣ ತಪ್ಪಾಗುತ್ತೆ. ಅದಾಗಿ ಅದೇ."

"ನಂಗೆ ಗೊತ್ತೂ ಆಗಲ್ವಾ?"

"ಆಗಲ್ಲ. ಎಷ್ಟೋ ವರ್ಷದ ಹಿಂದೆಯೇ ಶುರುವಾಗಿರಬಹುದು. ನೀವು ಊಟ ಮಾಡ್ತಾ, ನಗ್ತಾ ಓಡಾಡಿಕೊಂಡು ಇರ್ತೀರಿ. ಅದು ಒಳಗೆ ಓಡ್ತಾ ಇರುತ್ತೆ."

ದೆವ್ವದ ಕಥೆ ಎಂದರೆ ಯಾವುದು, ಹೇಳಿ? ಹೊಂಗೆ ಮರದ ಕೆಳಗೆ ಮಲಗಿರುವ ಅಪ್ಪನದ್ದಾ? ಅವರಿಗಾದರೂ ಒಂದು ಹೆಸರಿದೆ, ಮುಖವಿದೆ, ಬೀಡಿ ಕೊಟ್ಟು ಮಾತಾಡಿಸಬಹುದು. ಯಾರೂ ಕಳಿಸದ ಸಂದೇಶವೊಂದು ಕರುಳಿನ ಕತ್ತಲಲ್ಲಿ ವರ್ಷಗಟ್ಟಲೆ ಬೆಳೆ ಬೆಳೆ ಎನ್ನುತ್ತಾ ಕೂತಿತ್ತು. ಹೇಳುವವರಿಲ್ಲ. ಕೇಳುವವರು ಮಾತ್ರ ಇದ್ದಾರೆ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದಾರೆ. ನನ್ನ ಕೈಮೇಲಿನ ಕೂದಲು ನಿಂತದ್ದು ಹೊಲದಲ್ಲಲ್ಲ, ಆ ಎಸಿ ರೂಮಿನಲ್ಲಿ.

"ವೈರು ಕಿತ್ತಾಕಕ್ಕೆ ಆಗಲ್ವಾ?" ಎಂದು ಕೇಳಿದ ಅಣ್ಣ.

"ಈ ಬದಲಾವಣೆಯಲ್ಲೇ ಬೇರೆ ಬೇರೆ ಜಾತಿ ಇದೆ. ಅದರಲ್ಲಿ ಒಂದಕ್ಕೆ ಈಗ ಮಾತ್ರೆ ಬಂದಿದೆ. ನಿಮ್ಮದು ಆ ಜಾತಿ ಅಲ್ಲ. ನಿಮ್ಮದಕ್ಕೆ ಇನ್ನೂ ಹುಡುಕ್ತಾ ಇದ್ದಾರೆ. ಹಾಗಂತ ನಾವು ಕೈ ಕಟ್ಟಿ ಕೂರಲ್ಲ. ಕೀಮೋ ಇದೆ. ಜೊತೆಗೆ ಇನ್ನೊಂದು ಇಂಜೆಕ್ಷನ್. ಈ ಗಂಟು ತನಗೆ ರಕ್ತ ಬೇಕು ಅಂತ ಅಕ್ಕಪಕ್ಕದ ರಕ್ತನಾಳಕ್ಕೂ ಸಂದೇಶ ಕಳಿಸುತ್ತ ಇರುತ್ತೆ. ಅದನ್ನು ದಾರಿಯಲ್ಲೇ ಹಿಡಿಯಬಹುದು."

"ಅಂದ್ರೆ ಮೋಟ್ರು ನಿಲ್ಸಕ್ಕಾಗಲ್ಲ. ಲೈನಿಂದ ಬರೋ ಕರೆಂಟು ಕಮ್ಮಿ ಮಾಡ್ತೀರಿ."

"ಹತ್ತಿರ ಹತ್ತಿರ ಹಾಗೇ" ಎಂದರು ಡಾಕ್ಟರ್.

"ಕ್ಯಾನ್ಸರ್ ವಾಸಿ ಆಯ್ತದಾ?"

ಆ ಪದ ಮೇಜಿನ ಮೇಲೆ ಬಿತ್ತು. ಡಾಕ್ಟರ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಬುಡಿ ಡಾಕ್ಟ್ರೇ, ಏಳಿ. ಇವ್ರು ಗಂಟು ಗಂಟು ಅಂತವ್ರೆ. ಆಸ್ಪತ್ರೆ ಗೇಟ್ ಮ್ಯಾಗಳ ಬೋರ್ಡು ಓದಕ್ಕೆ ನಂಗ್ ಬರಲ್ವಾ?"

"ಪೂರ್ತಿ ವಾಸಿ ಆಗುತ್ತೆ ಅಂತ ಈಗ ಮಾತು ಕೊಡಲ್ಲ. ಹಿಡಿತದಲ್ಲಿ ಇಡೋಕೆ ನೋಡ್ತೀವಿ. ಚೆನ್ನಾಗಿ ಕುಗ್ಗಿದರೆ ಲಿವರಿನದ್ದನ್ನು ಆಪರೇಷನ್ ಮಾಡೋ ಯೋಚನೆ ಮಾಡಬಹುದು."

"ಅಷ್ಟು ಸಾಕು" ಎಂದ ಅಣ್ಣ.

ನನಗೆ ಅಳು ಬಂತು. ಇಂಜೆಕ್ಷನ್ ಕೈಬಿಟ್ಟಿತಲ್ಲ ಎಂದು ಬಂತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ದಿನ ಅವನ ಎದುರಿಗೆ ನಾವು ಮಾಡಿದ್ದೇನು ಎಂದು ಹೊಳೆದು ಬಂತು. ಒಳಗೆ ಓಡುತ್ತಿದೆ ಎಂದು ಎಲ್ಲರಿಗೂ ಗೊತ್ತು. ಬಾಯಲ್ಲಿ ಮಾತ್ರ ನಿಂತಿದೆ, ನಿಂತಿದೆ. ಆ ಫೋನಿನ ಹೆಂಗಸಾದರೂ ಒಂದು ನಿಮಿಷದ ನಂತರ ನಿಜ ಹೇಳುತ್ತಿದ್ದಳು.

ಏಳುವಾಗ ಡಾಕ್ಟರ್ ಇನ್ನೊಂದು ಕೇಳಿದರು. ಮನೆಯಲ್ಲಿ ಬೇರೆ ಯಾರಿಗಾದರೂ ಹೊಟ್ಟೆಯ ತೊಂದರೆ ಇತ್ತಾ?

ಅಪ್ಪನಿಗೆ ಇತ್ತು. ಕೊನೆಕೊನೆಗೆ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಎಂದು ಎಲ್ಲಿಂದಲೋ ನಾಟಿ ಔಷಧಿ ತಂದು ಕುಡಿಸುತ್ತಿದ್ದರು. ಮೈಯೆಲ್ಲ ಇಳಿದುಹೋಗಿ ತೀರಿಕೊಂಡರು. ಯಾರೂ ಏನನ್ನೂ ಟೆಸ್ಟ್ ಮಾಡಿಸಲಿಲ್ಲ.

"ಈ ಕೊಂಡಿಯ ತಪ್ಪು ತಂದೆಯಿಂದ ಬಂದಿದ್ದಲ್ಲ, ಇದು ಇವರ ಗಂಟಿನಲ್ಲೇ ಆಗಿದ್ದು" ಎಂದರು ಡಾಕ್ಟರ್. "ಆದರೆ ತಂದೆಗೂ ಇದೇ ಕಾಯಿಲೆ ಇದ್ದಿರಬಹುದಾದರೆ ಮನೆಯವರೆಲ್ಲ ಹುಷಾರಾಗಿರಬೇಕು. ನೀವು ಒಡಹುಟ್ಟಿದ ತಂಗಿ ಅಲ್ಲವಾ? ವಯಸ್ಸೆಷ್ಟು ನಿಮಗೆ? ಕರುಳಿನ ಸ್ಕೋಪಿಂಗ್, ಅಂದರೆ ಒಳಗೆ ಕ್ಯಾಮೆರಾ ಬಿಟ್ಟು ನೋಡೋದು, ಯಾವಾಗಲಾದರೂ ಮಾಡಿಸಿದ್ದೀರಾ?"

ಇಡೀ ವಾರದಲ್ಲಿ ಮೊದಲ ಸಲ ಯಾರೋ ನನ್ನ ಕಡೆ ಬೆರಳು ತೋರಿಸಿದ್ದರು. ನನಗೇನೂ ತೊಂದರೆ ಇಲ್ಲ, ಚೆನ್ನಾಗಿದ್ದೇನೆ ಎಂದೆ. ಹೇಳಿದ ಮೇಲೆ ನನ್ನ ದನಿ ನನಗೇ ಕೇಳಿಸಿತು. ನುಣ್ಣಗಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತಿಗೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ಡಾಕ್ಟರ್ ಹೇಳಿದ್ದನ್ನು ನಮ್ಮಿಂದ ಕೇಳಿ, ಅತ್ತು, ಸುಸ್ತಾಗಿದ್ದರು. ನಾನು ಅಣ್ಣನನ್ನು ಮೆಲ್ಲಗೆ ಕೇಳಿದೆ. "ಡೈರೆಕ್ಟ್ ಮಾಡಿದ್ದು ಇರಲಿ. ಅತ್ಗೆ ಅಪ್ಪ ಅಪ್ಪ ಅಂದಾಗ ಯಾಕೆ ಸುಮ್ಮನಿದ್ದೆ?"

ಬಸ್ಸು ಶ್ರೀರಂಗಪಟ್ಟಣದ ಸೇತುವೆ ದಾಟಿತು.

"ನಾಳೆ ನಾನಿಲ್ದಿದ್ರೂ ನೀರು ಅರೀತಿರ್ಲಿ ಅಂತ ಮಾಡ್ದೆ ಕಣವ್ವ. ಅವ್ಳು ಮಾವ ಅಂದ್ಳು. ಅನ್ಲಿ ಬುಡು ಅನ್ನುಸ್ತು. ಮುಂದ್ಕೆ ಆ ಒಲಕ್ಕೆ ಅವ್ಳೊಬ್ಳೇ ಓಗ್ಬೇಕಲ್ಲ. ಯಾರೋ ಅವ್ರೆ ಅಂತ ಇದ್ರೆ ಒಳ್ಳೇದಲ್ವಾ?"

ನಾನು ಕಿಟಕಿಯ ಆಚೆ ನೋಡಿದೆ. ಹೊರಗೆ ಕಬ್ಬು, ಭತ್ತ, ಮತ್ತೆ ಕಬ್ಬು. ಅದರ ಮೂಲೆಮೂಲೆಯಲ್ಲಿ ಪುಟ್ಟ ಮೋಟರ್ ಮನೆಗಳು. ಎಷ್ಟರ ಪಕ್ಕದಲ್ಲಿ ಯಾರು ಯಾರು ಮಲಗಿದ್ದಾರೋ.

ಶನಿವಾರ ಅಣ್ಣ 'ಇದ್ನಾದ್ರೂ ಕಿತ್ತಾಕ್ತೀನಿ' ಎಂದು ಕೋಲೂರಿಕೊಂಡು ಹೊಲಕ್ಕೆ ಹೋಗಿ, ಫ್ಯೂಸ್ ತೆಗೆದು, ವೈರು ಕಿತ್ತುಹಾಕಿದ. ನಾನು, ಅತ್ತಿಗೆ ಜೊತೆಗಿದ್ದೆವು. ವೈರಿನ ವಿಷಯ ಅತ್ತಿಗೆಗೆ ಹೇಳಿದ್ದೂ ಆಯಿತು, ಅವರು ಗಂಡನನ್ನು ಬಾಯಿಗೆ ಬಂದಂತೆ ಬೈದದ್ದೂ ಆಯಿತು. ಬೈದು ಮುಗಿಸಿ ಸಮಾಧಿಯ ಹತ್ತಿರ ಹೋದವರು ಅಲ್ಲೇ ನಿಂತರು. ಎಲೆ ಅಡಿಕೆ ಇಟ್ಟ ಹಾಗೇ ಬಾಡಿತ್ತು. ಬೀಡಿ ಮಾತ್ರ ಅರ್ಧ ಉರಿದಿತ್ತು. ಯಾರೋ ಕೂಲಿಗೆ ಬಂದವರು ಸೇದಿರಬೇಕು. ಸೇದಿ ಉಳಿದದ್ದನ್ನು ಅಷ್ಟು ಜೋಪಾನವಾಗಿ ವಾಪಸ್ ಇಟ್ಟು ಹೋಗಿರಬೇಕು. ಅಣ್ಣನೂ ಅದನ್ನು ನೋಡಿದ. ಈ ಸಲ ಅದು ಅವನ ಕೆಲಸವಲ್ಲ. ಬೀಡಿ ಬಿಟ್ಟು ಅವನಿಗೆ ತುಂಬಾ ವರ್ಷಗಳಾಗಿವೆ.

ಮೊನ್ನೆ ಕೀಮೋ ಮತ್ತು ಆ ಇನ್ನೊಂದು ಇಂಜೆಕ್ಷನ್ನಿನ ಮೊದಲ ದಿನ. ಕೈಗೆ ಡ್ರಿಪ್ ಹಾಕಿಸಿಕೊಂಡು ಕೂತಿದ್ದ ಅಣ್ಣ ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಡಬ್ಬದ ನಂಬರಿಗೆ ಮಾಡಿದ. ಒಂದನ್ನು ಒತ್ತಿದ. ನನ್ನ ಫೋನೂ ಬಡಿದುಕೊಂಡಿತು. "ನಿಮ್ಮ ಮೋಟಾರ್ ಚಾಲನೆಯಲ್ಲಿದೆ." ಅರ್ಧ ಗಂಟೆ ಬಿಟ್ಟು ಎರಡನ್ನು ಒತ್ತಿದ. "ನಿಮ್ಮ ಮೋಟಾರ್ ನಿಂತಿದೆ." ನಾವಿಬ್ಬರೂ ಉಸಿರು ಹಿಡಿದು ಕಾದೆವು. ಫೋನ್ ಬರಲಿಲ್ಲ. ಇನ್ನೂ ಕಾದೆವು. ಬರಲಿಲ್ಲ.

"ನೋಡ್ದಾ, ಏಳ್ದಂಗ್ ಕೇಳ್ತದೆ" ಎಂದು ಅಣ್ಣ ನಕ್ಕ. ಡ್ರಿಪ್ಪಿನ ಹನಿ ಒಂದೊಂದೇ ಇಳಿಯುತ್ತಿತ್ತು. ಅದರ ಮಾತನ್ನು ಒಳಗೆ ಯಾರು ಕೇಳುತ್ತಾರೋ, ಯಾರು ಕೇಳುವುದಿಲ್ಲವೋ, ಗೊತ್ತಾಗಲು ಇನ್ನೂ ಸಮಯ ಬೇಕು.

ಬರುವ ಗುರುವಾರ ನನ್ನ ಸ್ಕೋಪಿಂಗ್. ಹಿಂದಿನ ದಿನ ಅದೇನೋ ಕುಡಿಯಬೇಕಂತೆ, ಹೊಟ್ಟೆಯೆಲ್ಲ ಖಾಲಿಯಾಗಬೇಕಂತೆ. ನನಗೆ ಹೆದರಿಕೆಯಿದೆ, ಮುಚ್ಚುಮರೆ ಏಕೆ. ಆದರೂ ಹೋಗುತ್ತೇನೆ. ಹೊಲದ ಮೋಟರ್ ತಾನಾಗೇ ಓಡತೊಡಗಿದರೆ ನನಗೊಂದು ಫೋನ್ ಬರುತ್ತದೆ.

ಒಳಗಿನದ್ದು ಓಡತೊಡಗಿದರೆ ನಿಮಗೆ ಫೋನ್ ಮಾಡುವವರು ಯಾರು?